ಎಪ್ಪತ್ತಾರನೇ ವಯಸ್ಸಿಗೆ ಕೀಮೋ: ನಮ್ಮ ದೊಡ್ಡವ್ವನ ಪ್ರಕರಣ

"ಸೋಮವಾರದಿಂದ ಕೀಮೋ ಶುರು ಮಾಡ್ತಾರಂತ. ಅವ್ವ ಹೂಂ ಅಂದಾಳ" ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ನಾನು ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತಿದ್ದೆ. ಅಂದು ಗುರುವಾರ. ಅವನ ಅವ್ವ ನನಗೆ ದೊಡ್ಡವ್ವ, ನಮ್ಮವ್ವನ ಹಿರಿಯಕ್ಕ. ವಯಸ್ಸು 76. ಊರು ನವಲಗುಂದ ತಾಲ್ಲೂಕಿನಲ್ಲಿ. ಎಡ ಎದೆಯಲ್ಲಿದ್ದ ಗಂಟಿಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಶನ್ ಆಗಿ ಆಗ ಐದನೇ ವಾರ.

ನಾನು ಬೆಂಗಳೂರಿನಲ್ಲಿ ಕೀಮೋ ಡೇ ಕೇರ್ ವಾರ್ಡಿನ ನರ್ಸ್. ಹದಿನೇಳು ವರ್ಷದಿಂದ ಇದೇ ಕೆಲಸ. ಕೀಮೋ ಜೀವ ಉಳಿಸುವುದನ್ನು ಕಣ್ಣಾರೆ ಕಂಡವಳು, ಅದರ ಹೆಸರು ಕೇಳಿ ಹೆದರುವವಳಲ್ಲ. ಆದರೂ ಆ ಮಾತಿಗೆ ಬಸ್ಸಿನಲ್ಲೇ ನನ್ನ ಕೈ ತಣ್ಣಗಾಯಿತು. ದೊಡ್ಡವ್ವ ಯಾವುದಕ್ಕೂ ಅಷ್ಟು ಸುಲಭವಾಗಿ ಹೂಂ ಅನ್ನುವ ಹೆಂಗಸಲ್ಲ. ಮೇಲಾಗಿ, ಯಾವ ಬಗೆಯ ಸ್ತನ ಕ್ಯಾನ್ಸರ್ ಎಂದು ಕೇಳಿದರೆ ಅಣ್ಣನಿಗೆ ಗೊತ್ತಿರಲಿಲ್ಲ. "ಗಂಟು ತಗದಾರ, ಉಳಿದದ್ದು ಸುಡಾಕ ಕೀಮೋ" ಎಂದಷ್ಟೇ ಅವನಿಗೆ ತಿಳಿದದ್ದು.

ಮುಂದಿನದನ್ನೆಲ್ಲ ಬರೆಯಲು ದೊಡ್ಡವ್ವ ಒಪ್ಪಿಗೆ ಕೊಟ್ಟಿದ್ದಾಳೆ, ಹೆಸರು ಹಾಕಬಾರದು ಎಂಬ ಕರಾರಿನ ಮೇಲೆ.

ಕಾಗದದಲ್ಲಿ ಇದ್ದದ್ದು

ಅಣ್ಣ ಆ ರಾತ್ರಿ ಕಡತವನ್ನೆಲ್ಲ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ. ಗಂಟಿನ ಅಳತೆ 2.6 ಸೆಂ.ಮೀ. ಗ್ರೇಡ್ 3, ಅಂದರೆ ಜೀವಕೋಶಗಳು ವೇಗವಾಗಿ ಬೆಳೆಯುವ ಬಗೆಯವು. ಕಂಕುಳಿನಿಂದ ತೆಗೆದ 11 ಗ್ರಂಥಿಗಳಲ್ಲಿ ಒಂದಕ್ಕೂ ಹರಡಿಲ್ಲ. ಈಸ್ಟ್ರೋಜನ್ ರಿಸೆಪ್ಟರ್ 90%, ಪ್ರೊಜೆಸ್ಟರಾನ್ ರಿಸೆಪ್ಟರ್ 20%, ಅಂದರೆ ಹಾರ್ಮೋನ್ ತಡೆಯುವ ಮಾತ್ರೆ ನಾಟುವ ಬಗೆ. ಜೀವಕೋಶ ಒಡೆದು ಹೆಚ್ಚುವ ವೇಗ ಹೇಳುವ ಕೆಐ-67 35%. ಕೊನೆಯ ಸಾಲಿನಲ್ಲಿ, ಕ್ಯಾನ್ಸರ್ ಬೆಳೆಯಲು ನೆರವಾಗುವ ಪ್ರೋಟೀನ್ ಹರ್-2: 2+.

ಆ 2+ ನೋಡಿ ನಾನು ರಾತ್ರಿ ಹನ್ನೊಂದಕ್ಕೆ ಅಣ್ಣನಿಗೆ ಮತ್ತೆ ಫೋನ್ ಮಾಡಿದೆ. ಹರ್-2 ಶೂನ್ಯ ಅಥವಾ 1+ ಬಂದರೆ ಇಲ್ಲ ಎಂದು ಅರ್ಥ, 3+ ಬಂದರೆ ಇದೆ ಎಂದು ಅರ್ಥ. 2+ ಅಂದರೆ ಎರಡೂ ಅಲ್ಲ. ಅದೇ ತುಣುಕಿನ ಮೇಲೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿದ ಮೇಲೆಯೇ ಉತ್ತರ ಸಿಗುವುದು. ಕಡತದಲ್ಲಿ ಫಿಶ್ ವರದಿ ಇರಲಿಲ್ಲ. ಯಾವ ಬಗೆಯ ಕ್ಯಾನ್ಸರ್ ಎಂದು ಪೂರ್ತಿ ಗೊತ್ತಾಗುವ ಮೊದಲೇ ಯಾವ ಔಷಧಿ ಎಂದು ತೀರ್ಮಾನವಾಗಿತ್ತು. ಇದು ನನಗೆ ಈಗಲೂ ಸಹಿಸಲಾಗದ ಸಂಗತಿ.

ಬರೆದಿದ್ದ ಕೀಮೋ ಟಿಸಿ: ಡೋಸಿಟಾಕ್ಸೆಲ್ ಮತ್ತು ಸೈಕ್ಲೋಫಾಸ್ಫಮೈಡ್, 21 ದಿನಕ್ಕೊಮ್ಮೆ, ನಾಲ್ಕು ಸಲ. ವಯಸ್ಸಾದವರಿಗೆ ಹೃದಯಕ್ಕೆ ಭಾರವಾಗುವ ಡಾಕ್ಸೋರುಬಿಸಿನ್ ಬಿಟ್ಟು ಇದನ್ನು ಆರಿಸಿದ್ದು ಡಾಕ್ಟರರ ವಿವೇಕವೇ. ಅವರನ್ನು ನಾನು ದೂರುತ್ತಿಲ್ಲ. ಗ್ರೇಡ್ 3, ಕೆಐ-67 ಹೆಚ್ಚು, ಗಂಟು ಎರಡು ಸೆಂಟಿಮೀಟರಿಗಿಂತ ದೊಡ್ಡದು. ಇದೇ ಕಾಗದ ಐವತ್ತರ ಹೆಂಗಸಿನದಾಗಿದ್ದರೆ ಕೀಮೋ ಮಾತು ಬಂದೇ ಬರುತ್ತಿತ್ತು.

ಸೋಮವಾರದ ದಿನಾಂಕವನ್ನು ಮುಂದಕ್ಕೆ ಹಾಕಿಸಲು ಅಣ್ಣ ಹೆದರಿದ. ತಡವಾದರೆ ಹರಡುತ್ತದೆ ಎಂಬ ಭಯ ಎಲ್ಲ ಮನೆಯಲ್ಲೂ ಇರುತ್ತದೆ. ಆಪರೇಶನ್ ಆದಮೇಲೆ ಕೀಮೋ ಕೊಡುವುದೇ ಆದರೆ ಮೂರು ತಿಂಗಳು ಮೀರಬಾರದು, ಅದು ಸರಿ. ಆದರೆ ಐದನೇ ವಾರದಲ್ಲಿ ಇರುವವರಿಗೆ ಹತ್ತು ದಿನ ಯೋಚಿಸಲು ಸಮಯ ಉಂಟು. ಇದನ್ನು ಅವನಿಗೆ ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಶುಕ್ರವಾರ ಅವನು ಹೋಗಿ ಫಿಶ್‌ಗೆ ಹಣ ಕಟ್ಟಿ ಬಂದ. ಶನಿವಾರ ರಾತ್ರಿ ನಾನು ರೈಲು ಹತ್ತಿದೆ.

ಹೂಂ ಅಂದದ್ದು

ಭಾನುವಾರ ಬೆಳಿಗ್ಗೆ ದೊಡ್ಡವ್ವ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಮೊಮ್ಮಗಳು ಬಸುರಿ, ಹುಟ್ಟುವ ಕೂಸಿಗೆಂದು ಹಳೆಯ ಸೀರೆಗಳ ಚಿಕ್ಕ ಕೌದಿ. ಎಡಗೈ ಮೇಲೆತ್ತಲು ಇನ್ನೂ ಎಳೆಯುತ್ತಿತ್ತು, ಅದಕ್ಕೆ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡಿದ್ದಳು. ನಾನು ಬಲಗಡೆ ಕೂತು ಏನೋ ಕೇಳಿದೆ. ಆಕೆ ನಕ್ಕು ತಲೆಯಾಡಿಸಿದಳು. ಇನ್ನೊಂದು ಕೇಳಿದೆ. ಮತ್ತೆ ತಲೆಯಾಡಿಸಿದಳು. ನಾನು ಕೇಳಿದ್ದು "ರಾತ್ರಿ ಏನ್ ಉಂಡಿ?" ಎಂದು. ಅದಕ್ಕೆ ತಲೆಯಾಡಿಸಿದರೆ ಏನರ್ಥ?

ಎದ್ದು ಎಡಗಡೆ ಹೋಗಿ ಕೂತೆ. ಅಲ್ಲಿಂದ ಮಾತು ಸರಾಗವಾಯಿತು. ಬಲಗಿವಿ ಮಂದವಾಗಿ ಎರಡು ವರ್ಷವಾಗಿತ್ತಂತೆ.

"ಡಾಕ್ಟರ ಮುಂದ ಹೂಂ ಅಂದ್ಯಂತಲ್ಲ ದೊಡ್ಡವ್ವ?"

"ನನಗ ಕೇಳಿಸಲಿಲ್ಲವಾ. ಅವರು ಬಾಯಿ ಆಡಸತಿದ್ರು, ನಾ ತಲಿ ಆಡಸಿದೆ. ದೊಡ್ಡ ಮಂದಿ ಮುಂದ ಎಷ್ಟ ಸಲ ಕೇಳೂದು?"

ಆ ಕೋಣೆಯಲ್ಲಿ ಅಣ್ಣನಿದ್ದ, ಅತ್ತಿಗೆಯಿದ್ದಳು, ಡಾಕ್ಟರಿದ್ದರು, ನರ್ಸ್ ಇದ್ದಳು. ನಾಲ್ವರೂ ಅದನ್ನು ಒಪ್ಪಿಗೆ ಎಂದುಕೊಂಡರು. ನನ್ನ ವಾರ್ಡಿನಲ್ಲಿ ಎಷ್ಟು ಅಜ್ಜಿಯರು ಹೀಗೆ ತಲೆಯಾಡಿಸಿ ಬಂದು ಕುರ್ಚಿಯಲ್ಲಿ ಕೂತಿರಬಹುದು ಎಂದು ಆ ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಹೊಟ್ಟೆಯಲ್ಲಿ ಸಂಕಟವಾಯಿತು. ಅವರಿಗೆ ಕೇಳಿಸುತ್ತದೋ ಇಲ್ಲವೋ ಎಂದು ನಾನೂ ನೋಡಿರಲಿಲ್ಲ.

ಇನ್ನೊಂದು ವಿಷಯ. ಮನೆಯಲ್ಲಿ ಯಾರೂ ಆಕೆಗೆ ಕ್ಯಾನ್ಸರ್ ಎಂಬ ಮಾತನ್ನು ಹೇಳಿರಲಿಲ್ಲ. 'ಗಂಟು' ಎಂದೇ ನಡೆದಿತ್ತು. ಅಣ್ಣ ನನಗೂ ಬಾಗಿಲಲ್ಲೇ ಕಣ್ಸನ್ನೆ ಮಾಡಿದ್ದ. ಹೇಳಿದರೆ ಎದೆ ಒಡೆದುಕೊಳ್ಳುತ್ತಾಳೆ ಎಂಬ ಪ್ರೀತಿಯ ಭಯ ಅದು, ನಾನು ಅದನ್ನು ಹಗುರಾಗಿ ನೋಡುವುದಿಲ್ಲ. ಆದರೆ ಕಾಯಿಲೆಯ ಹೆಸರೇ ಗೊತ್ತಿಲ್ಲದವಳು ಅದರ ಚಿಕಿತ್ಸೆಗೆ ಹೂಂ ಎಂದೋ ಒಲ್ಲೆ ಎಂದೋ ಹೇಗೆ ಹೇಳಿಯಾಳು? ಎಷ್ಟು ಗೊತ್ತು ಎಂದು ಮೆಲ್ಲಗೆ ಕೇಳಿದೆ. ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ಎದಿ ಪೂರ್ತಿ ತಗದಾರ. ಬರೇ ಗಂಟಿಗೆ ಎದಿ ತಗೀತಾರೇನ? ನೀವೆಲ್ಲಾ ಅಂಜೀರಿ ಅಂತ ನಾ ಕೇಳಲಿಲ್ಲ."

ಅಣ್ಣ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಮನೆಯಲ್ಲಿ ಗುಟ್ಟು ಉಳಿಯಲಿಲ್ಲ.

ಲ್ಯಾಬ್ ಹೇಳದ ಸಂಗತಿಗಳು

ಆ ದಿನ ಪೂರ್ತಿ ನಾನು ಆಕೆಯ ಹಿಂದೆ ಹಿಂದೆ ತಿರುಗಿದೆ. ಬಸವಣ್ಣನ ಗುಡಿಯವರೆಗೆ ನಡೆದು ಹೋಗಿ ಬರುತ್ತಾಳೆ, ಏದುಸಿರಿಲ್ಲ. ನೆನಪು ಚುರುಕು. ಆದರೆ ಗುಡಿಯಿಂದ ಬರುವಾಗ ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಕಳಚಿತು, ಆಕೆಗೆ ಗೊತ್ತೇ ಆಗಲಿಲ್ಲ. ಹತ್ತು ಹೆಜ್ಜೆ ಬರಿಗಾಲಲ್ಲಿ ನಡೆದಳು. ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಆಗಲೇ ತಿಂದಿತ್ತು. ಮನೆಗೆ ಬಂದು ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಹತ್ತಿಯಿಂದ ಸವರಿದೆ. "ಯಾವಾಗ ಮುಟ್ಟತಿ?" ಎಂದಳು, ನಾನು ಮುಟ್ಟಿ ಆಗಿತ್ತು.

ಸಂಜೆ ಸ್ನಾನಕ್ಕೆ ನೀರು ತೋಡಿಕೊಡುವಾಗ ಮೊಣಕೈ ಮೇಲಿನ ಹಳೆಯ ಕಲೆ ಕಂಡಿತು. ನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಬಿದ್ದಿದ್ದಳಂತೆ. ಮಗನಿಗೂ ಸೊಸೆಗೂ ಹೇಳಿಲ್ಲ. "ಹೇಳಿದ್ರ ಬಚ್ಚಲಕ್ಕೂ ಒಬ್ಬಾಕೀನ ಬಿಡಂಗಿಲ್ಲ ನೀವು."

ಇವೆಲ್ಲ ಮನೆಯ ಸಣ್ಣ ಸಂಗತಿಗಳಂತೆ ಕಾಣುತ್ತವೆ. ವಯಸ್ಸಾದವರ ಕೀಮೋ ವಿಚಾರದಲ್ಲಿ ಇವೇ ದೊಡ್ಡವು. ಅಮೆರಿಕದ ವೈದ್ಯೆ ಆರತಿ ಹುರಿಯಾ ಮತ್ತು ಅವರ ಸಂಗಡಿಗರು 65 ದಾಟಿದ 500 ಕ್ಯಾನ್ಸರ್ ರೋಗಿಗಳನ್ನು ಗಮನಿಸಿ 2011ರಲ್ಲಿ ಒಂದು ಅಂಕಪಟ್ಟಿ ಪ್ರಕಟಿಸಿದರು. ಕೀಮೋದಿಂದ ತೀವ್ರ ತೊಂದರೆ ಯಾರಿಗೆ ಆದೀತು ಎಂದು ಅಂದಾಜು ಮಾಡುವ ಪಟ್ಟಿ ಅದು. ಅದರಲ್ಲಿ ಹಿಮೋಗ್ಲೋಬಿನ್, ಮೂತ್ರಪಿಂಡದ ಲೆಕ್ಕ ಇವೆ. ಜೊತೆಗೆ ಇಂಥ ಪ್ರಶ್ನೆಗಳೂ ಇವೆ: ಕಿವಿ ಚೆನ್ನಾಗಿ ಕೇಳಿಸುತ್ತದೆಯೇ? ಕಳೆದ ಆರು ತಿಂಗಳಲ್ಲಿ ಬಿದ್ದಿದ್ದಾರೆಯೇ? ಮಾತ್ರೆ ತೆಗೆದುಕೊಳ್ಳಲು ಇನ್ನೊಬ್ಬರು ಬೇಕೇ? ಬೀದಿಯ ಕೊನೆಯವರೆಗೆ ನಡೆಯುತ್ತಾರೆಯೇ? ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 2018ರಿಂದ ವಯಸ್ಸಾದ ಕ್ಯಾನ್ಸರ್ ರೋಗಿಗಳಿಗೇ ಒಂದು ಕ್ಲಿನಿಕ್ ನಡೆಯುತ್ತಿದೆ, ಅಲ್ಲಿ ಇಂಥ ಪ್ರಶ್ನೆಗಳನ್ನು ಕೂತು ಕೇಳುತ್ತಾರೆ. ನಮ್ಮ ಜಿಲ್ಲೆಯ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು.

ದೊಡ್ಡವ್ವನ ಅಂಕ ಕೂಡಿಸಿದೆ. ವಯಸ್ಸು 72 ದಾಟಿದ್ದಕ್ಕೆ 2, ಎರಡು ಔಷಧಿಗಳ ಕೀಮೋಗೆ 2, ಪೂರ್ತಿ ಡೋಸಿಗೆ 2. ಒಟ್ಟು 6. ಡಾಕ್ಟರ ಕೈಲಿದ್ದ ಕಾಗದದಿಂದ ಇಷ್ಟೇ ಸಿಗುತ್ತಿತ್ತು, ಅದು ಮಧ್ಯಮ ಗುಂಪು. ಆ ಗುಂಪಿನಲ್ಲಿ ತೀವ್ರ ತೊಂದರೆ ಕಂಡವರು ನೂರಕ್ಕೆ 52. ಈಗ ಕಿವಿಗೆ 2, ಬಿದ್ದದ್ದಕ್ಕೆ 3, ಅತ್ತಿಗೆ ದಿನಾ ಮಾತ್ರೆ ಎಣಿಸಿ ಕೈಗೆ ಕೊಡುವುದಕ್ಕೆ 1 ಸೇರಿಸಿದೆ. 12 ಆಯಿತು. 10 ಮುಟ್ಟಿದರೆ ಮೇಲಿನ ಗುಂಪು, ಅಲ್ಲಿ ನೂರಕ್ಕೆ 83. ಹೆಂಗಸು ಅದೇ, ಗಂಟೂ ಅದೇ. ಮೂರು ಪ್ರಶ್ನೆ ಕೇಳಿದ್ದರಿಂದ ಗುಂಪು ಬದಲಾಯಿತು. ಆ 500 ಮಂದಿಯಲ್ಲಿ ಹಲವು ಬಗೆಯ ಕ್ಯಾನ್ಸರಿನವರಿದ್ದರು, ಕಾಯಿಲೆ ಹರಡಿದವರೇ ಹೆಚ್ಚು. ಆರಂಭದ ಹಂತದ ಸ್ತನ ಕ್ಯಾನ್ಸರಿಗೆಂದೇ 2021ರಲ್ಲಿ ಬೇರೆ ಪಟ್ಟಿ ಬಂದಿದೆ. ಹಾಗಾಗಿ 83 ಎಂಬುದನ್ನು ನಾನು ಹಣೆಬರಹ ಎಂದು ಓದಲಿಲ್ಲ, ನಿಂತು ನೋಡಬೇಕು ಎಂಬ ಸೂಚನೆ ಎಂದು ಓದಿದೆ.

ಮೂತ್ರಪಿಂಡದ ಮಾತೂ ಹೇಳಬೇಕು. ವರದಿಯಲ್ಲಿ ಕ್ರಿಯಾಟಿನಿನ್ 1.0, ಪಕ್ಕದಲ್ಲಿ 'ನಾರ್ಮಲ್'. ಆದರೆ ಆಕೆಯ ತೂಕ 49 ಕೆಜಿ, ವಯಸ್ಸು 76. ಇವನ್ನು ಸೇರಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡ ಶುದ್ಧ ಮಾಡುತ್ತಿರುವುದು ನಿಮಿಷಕ್ಕೆ 37 ಮಿಲಿಲೀಟರಿನಷ್ಟು. ಹರೆಯದಲ್ಲಿ ಇದು ನೂರರ ಆಸುಪಾಸಿನಲ್ಲಿರುತ್ತದೆ. ಸ್ನಾಯು ಕಡಿಮೆ ಇರುವ ತೆಳ್ಳನೆಯ ಅಜ್ಜಿಯರಲ್ಲಿ ಕ್ರಿಯಾಟಿನಿನ್ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ.

ಡೋಸಿಟಾಕ್ಸೆಲ್ ಜೊತೆ ಮೂರು ದಿನ ಡೆಕ್ಸಾಮೆಥಸೋನ್ ಕೊಡುತ್ತಾರೆ. ಅದು ಸಕ್ಕರೆಯನ್ನು ಏರಿಸುತ್ತದೆ. ಏಳರಿಂದ ಹತ್ತನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ, ಆಗ ಜ್ವರ ಬಂದರೆ ಗಂಟೆಗಳ ಲೆಕ್ಕದಲ್ಲಿ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಕಣ ಏರಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು ಆ ಅಪಾಯವನ್ನು ಇಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಆ ಹಳ್ಳಿಯಿಂದ ನಡುರಾತ್ರಿ ಹುಬ್ಬಳ್ಳಿಗೆ ಹೋಗಲು ಗಾಡಿ ಯಾರದು, ಯಾರು ಕರೆದೊಯ್ಯುವುದು? ಅಣ್ಣನನ್ನು ಕೇಳಿದೆ. ಅವನು ಸುಮ್ಮನಾದ.

ಗಂಟು ಬೇರೆ ಬಗೆಯದಾಗಿದ್ದರೆ

ಇಷ್ಟು ಓದಿದವರು ವಯಸ್ಸಾದ ಮೇಲೆ ಕೀಮೋ ಬೇಡ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಂಡರೆ ಅದು ತಪ್ಪು. ಅಪಾಯದ ತಪ್ಪು.

ಮೂರೂ ರಿಸೆಪ್ಟರ್ ಇಲ್ಲದ ಟ್ರಿಪಲ್ ನೆಗೆಟಿವ್ ಕ್ಯಾನ್ಸರ್ ಆಗಿದ್ದರೆ ನಾನೇ ಮುಂದೆ ನಿಂತು ಕೀಮೋ ಕೊಡಿಸಿ ಎನ್ನುತ್ತಿದ್ದೆ. ಅದಕ್ಕೆ ಹಾರ್ಮೋನ್ ಮಾತ್ರೆ ನಾಟುವುದೇ ಇಲ್ಲ. ಅಮೆರಿಕದಲ್ಲಿ 65 ದಾಟಿದ 633 ಹೆಂಗಸರಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ವಯಸ್ಸಾದವರಿಗೆ ಹಗುರ ಇರಲಿ ಎಂದು ಕೊಟ್ಟ ಕೆಪೆಸಿಟಾಬಿನ್ ಎಂಬ ಕೀಮೋ ಮಾತ್ರೆ ಪಡೆದವರಲ್ಲಿ ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಉಳಿದವರು ನೂರಕ್ಕೆ 68, ಎಂದಿನ ಕೀಮೋ ಪಡೆದವರಲ್ಲಿ 85. ಈ ಅಂತರ ಹೆಚ್ಚು ಕಂಡದ್ದು ಹಾರ್ಮೋನ್ ರಿಸೆಪ್ಟರ್ ಇಲ್ಲದವರಲ್ಲಿ. ವಯಸ್ಸಾಯಿತೆಂದು ಅರೆಮನಸ್ಸಿನ ಚಿಕಿತ್ಸೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ನನ್ನ ವಾರ್ಡಿನಲ್ಲಿ ಎಪ್ಪತ್ತು ದಾಟಿದ ಇಂಥವರಿಗೆ ಕೀಮೋ ಹಾಕಿದ್ದೇನೆ, ಮುಗಿಸಿ ನಡೆದುಕೊಂಡು ಮನೆಗೆ ಹೋಗಿದ್ದಾರೆ.

ಫಿಶ್‌ನಲ್ಲಿ ಹರ್-2 ಇದೆ ಎಂದು ಬಂದಿದ್ದರೂ ಲೆಕ್ಕ ಬೇರೆ. ಆಗ ಹರ್-2 ಅನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ ಮುಖ್ಯ. 2014ರಲ್ಲಿ ಬೆಂಗಳೂರಿನ ಬಯೋಕಾನ್ ತನ್ನದನ್ನು ಬಿಡುಗಡೆ ಮಾಡಿದ ಮೇಲೆ ಅದು ನಮ್ಮಂಥ ಮನೆಗಳ ಕೈಗೂ ಎಟುಕತೊಡಗಿತು. ಜಪಾನಿನಲ್ಲಿ 70ರಿಂದ 80 ವರ್ಷದ 275 ಹೆಂಗಸರ ಅಧ್ಯಯನದಲ್ಲಿ ಟ್ರಾಸ್ಟುಜುಮ್ಯಾಬ್ ಒಂದನ್ನೇ ಪಡೆದವರಲ್ಲಿ ಮೂರು ವರ್ಷಕ್ಕೆ ಕಾಯಿಲೆಯಿಲ್ಲದೆ ಇದ್ದವರು ನೂರಕ್ಕೆ 89.5, ಕೀಮೋ ಕೂಡ ಪಡೆದವರಲ್ಲಿ 93.8. ಅಲ್ಲಿ ನಾಲ್ಕು ಕಾಳಿನ ವ್ಯತ್ಯಾಸ.

ಒಂಬತ್ತನೇ ದಿನ ಫಿಶ್ ವರದಿ ಬಂತು. ಹರ್-2 ಇಲ್ಲ.

ಮೊರದಲ್ಲಿ ನೂರು ಕಡಲೆ

ಕಾಳಿನ ಮಾತು ಬಂದದ್ದು ಹೀಗೆ. ವರದಿ ಬಂದ ವಾರದ ಕೊನೆಗೆ ನಾನು ಮತ್ತೆ ಊರಿಗೆ ಹೋದೆ. ಶೇಕಡಾವಾರು ಲೆಕ್ಕ ದೊಡ್ಡವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಅತ್ತಿಗೆ ಹಸನು ಮಾಡುತ್ತಿದ್ದ ಕಡಲೆಯಲ್ಲಿ ನೂರು ಕಾಳು ಎಣಿಸಿ ಮೊರದಲ್ಲಿ ಹರವಿದೆ. ಆಕೆಯ ಎಡಗಡೆ ಕೂತೆ. ಅಣ್ಣ, ಅತ್ತಿಗೆ ಎದುರಿಗೆ.

ನಾನು ಹೇಳಿದ್ದು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ನಡೆದ ಆಸ್ಟರ್ 70ಎಸ್ ಎಂಬ ಅಧ್ಯಯನದ ವಿಷಯ. 2022ರಲ್ಲಿ ಮೊದಲು ಮಂಡಿಸಿ 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪೂರ್ತಿ ಪ್ರಕಟಿಸಿದರು. ಎಲ್ಲರೂ 70 ದಾಟಿದವರು, ಹಾರ್ಮೋನ್ ರಿಸೆಪ್ಟರ್ ಇದ್ದು ಹರ್-2 ಇಲ್ಲದವರು, ಜೊತೆಗೆ ಜೀನ್ ಪರೀಕ್ಷೆಯಲ್ಲಿ ಅಪಾಯ ಹೆಚ್ಚು ಎಂದು ಬಂದವರು. ಆ ಜೀನ್ ಪರೀಕ್ಷೆಯೊಂದನ್ನು ಬಿಟ್ಟರೆ ದೊಡ್ಡವ್ವನಂಥವರೇ. ಸಾವಿರಕ್ಕೂ ಹೆಚ್ಚು ಮಂದಿ. ಅರ್ಧ ಜನಕ್ಕೆ ಹಾರ್ಮೋನ್ ಮಾತ್ರೆ ಮಾತ್ರ, ಉಳಿದ ಅರ್ಧಕ್ಕೆ ಮೊದಲು ಕೀಮೋ, ಆಮೇಲೆ ಮಾತ್ರೆ.

"ನಾಲ್ಕು ವರ್ಷ ಆದಮ್ಯಾಲೆ, ಬರೇ ಗುಳಿಗಿ ತಗೊಂಡವರೊಳಗ ನೂರಕ್ಕ 89 ಮಂದಿ ಜೀವಂತ ಇದ್ರು" ಎಂದು 11 ಕಾಳು ಬದಿಗೆ ಸರಿಸಿದೆ. "ಕೀಮೋನೂ ತಗೊಂಡವರೊಳಗ 90, ಭಾಳಂದ್ರ 91." ಒಂದು ಕಾಳನ್ನು ಹಿಂದಕ್ಕೆ ತಂದೆ. ಆ ಒಂದು ಕಾಳೂ ಔಷಧಿಯ ಗುಣವೋ ಆಕಸ್ಮಿಕವೋ ಎಂದು ಖಚಿತವಾಗಿ ಹೇಳಲಾಗದು, ಅಂಕಿಅಂಶದ ಲೆಕ್ಕದಲ್ಲಿ ಅದು ತೇರ್ಗಡೆಯಾಗಲಿಲ್ಲ ಎಂದೂ ಹೇಳಿದೆ. ತೀವ್ರ ತೊಂದರೆ ಆದದ್ದು ಮಾತ್ರೆಯವರಲ್ಲಿ ಹತ್ತಿರ ಹತ್ತಿರ ಹತ್ತು ಮಂದಿಗೆ, ಕೀಮೋದವರಲ್ಲಿ ಮೂರನೇ ಒಂದು ಪಾಲಿಗೆ. ಅವನ್ನೂ ಎಣಿಸಿ ಗುಪ್ಪೆ ಹಾಕಿದೆ.

ದೊಡ್ಡವ್ವ ಆ ಒಂದು ಕಾಳನ್ನು ಬೆರಳ ತುದಿಯಲ್ಲಿ ಎತ್ತಿಕೊಂಡಳು. ಸೂಜಿ ಹಿಡಿದು ಹಿಡಿದು ಒರಟಾದ ಬೆರಳು.

"ಈ ಒಂದ ಕಾಳು ನಾನ ಆಗಿದ್ರ?"

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ, ಯಾವ ಡಾಕ್ಟರ ಹತ್ತಿರವೂ ಇಲ್ಲ. ಆಗಿರಬಹುದು, ಆಗದೆಯೂ ಇರಬಹುದು, ಆ ಕಾಳಿಗಾಗಿ ತೊಂದರೆ ಎದುರಿಸುತ್ತೇನೆ ಎನ್ನುವುದು ತಪ್ಪಲ್ಲ ಎಂದೆ. ನಾಲ್ಕು ವರ್ಷ ಸಣ್ಣ ಅವಧಿ, ಈ ಬಗೆಯ ಕ್ಯಾನ್ಸರ್ ಆರೇಳು ವರ್ಷದ ಮೇಲೂ ಮರಳಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಎಪ್ಪತ್ತಾರರ ನಂತರ ಅಷ್ಟು ವರ್ಷಗಳಲ್ಲಿ ಹೃದಯ, ಸಕ್ಕರೆ, ಮೂತ್ರಪಿಂಡ ಕೂಡ ತಮ್ಮ ಪಾಲು ಕೇಳುತ್ತವೆ ಎಂದಾಗ ಆಕೆ, "ಅದು ನನಗೂ ಗೊತ್ತೈತಿ" ಎಂದಳು.

ಆಮೇಲೆ ಆಕೆ ಕೇಳಿದ್ದು ಬದುಕಿನ ಅವಧಿಯ ಮಾತಲ್ಲ. ಕೂದಲಿನ ಮಾತೂ ಅಲ್ಲ. "ಕೈ ಏನಾಗತೈತಿ?" ಡೋಸಿಟಾಕ್ಸೆಲ್ ಕೈಬೆರಳ ನರಕ್ಕೂ ಹೋಗುತ್ತದೆ, ಪಾದದಲ್ಲಿ ಈಗಾಗಲೇ ಜೋಮು ಇರುವವರಿಗೆ ಹೆಚ್ಚು, ಕೆಲವರಿಗೆ ಅದು ಪೂರ್ತಿ ಬಿಟ್ಟು ಹೋಗುವುದಿಲ್ಲ ಎಂದೆ. ನನ್ನ ರೋಗಿಗಳು ರವಿಕೆಯ ಹುಕ್ಕು ಹಾಕಿಕೊಳ್ಳಲು ಪರದಾಡುವುದನ್ನು ನೋಡಿದ್ದೇನೆ. ಅದನ್ನೂ ಹೇಳಿದೆ.

"ಕಾಲು ಹ್ವಾದ್ರ ಕೋಲು ಹಿಡೀತೇನಿ. ಕೈ ಹೋಗಬಾರದು."

ಅಣ್ಣ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಬಾಯಿಬಿಟ್ಟ: "ಮಂದಿ ಏನಂತಾರ? ರೊಕ್ಕಕ್ಕ ಅಂಜಿ ಅವ್ವನ ಔಷಧ ಬಿಡಿಸಿದ ಅಂತಾರ." ಅವನ ಕಣ್ಣು ತುಂಬಿತ್ತು. ಬಿಪಿಎಲ್ ಕಾರ್ಡಿನ ಮೇಲೆ ಸರ್ಕಾರದ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಹಣ ಇಲ್ಲಿ ತೊಡಕಾಗಿರಲೇ ಇಲ್ಲ. ಅವನನ್ನು ಹಿಂಡುತ್ತಿದ್ದದ್ದು ಮಗನ ಕರ್ತವ್ಯ. ಮುದುಕಿಗೆ ಎಲ್ಲವನ್ನೂ ಮಾಡಿಸಿದೆವು ಎಂದು ಊರ ಮುಂದೆ ಹೇಳಿಕೊಳ್ಳಲು ಆಗಬೇಕಲ್ಲ. ನಮ್ಮ ಕಡೆ ಎಷ್ಟೋ ಕೀಮೋಗಳು ಈ ಒಂದು ಮಾತಿಗಾಗಿ ನಡೆಯುತ್ತವೆ ಎಂಬುದು ನನ್ನ ಅನುಭವ. ದೊಡ್ಡವ್ವ ಮಗನ ಕೈ ಮೇಲೆ ಕೈ ಇಟ್ಟು, "ಮಂದಿಗೆ ನಾ ಹೇಳತೇನಿ" ಎಂದಳು.

ಡಾಕ್ಟರ ಮುಂದೆ ಎರಡನೇ ಸಲ

ಅದೇ ಡಾಕ್ಟರ ಹತ್ತಿರ ಹೋದೆವು. ಅವರು ಒಪ್ಪದಿದ್ದರೆ ಟಾಟಾ ಮೆಮೋರಿಯಲ್‌ನ ನವ್ಯಾ ಸೇವೆಗೆ ಕಾಗದ ಕಳಿಸಿ ಎರಡನೇ ಅಭಿಪ್ರಾಯ ಕೇಳೋಣ ಎಂದುಕೊಂಡಿದ್ದೆ. ಬೇಕಾಗಲಿಲ್ಲ. ದೊಡ್ಡವ್ವನ ಎಡಗಿವಿ ಅವರ ಕಡೆ ಬರುವಂತೆ ಕುರ್ಚಿ ತಿರುಗಿಸಿದೆ. ಆಕೆಯೇ ಮಾತು ಶುರು ಮಾಡಿದಳು, ಬಿದ್ದದ್ದು, ಕಿವಿ, ಕಾಲಿನ ಜೋಮು. ಡಾಕ್ಟರು ಪೆನ್ನು ಕೆಳಗಿಟ್ಟು, "ಬಿದ್ದದ್ದನ್ನು ನನಗೆ ಯಾರೂ ಹೇಳಲಿಲ್ಲವಲ್ಲ" ಎಂದರು. ಯಾರೂ ಕೇಳಿರಲಿಲ್ಲ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಆಕೆಗೂ ತಿಳಿಸುವ ಮನಸ್ಸಿರಲಿಲ್ಲವಲ್ಲ.

ಜೀನ್ ಪರೀಕ್ಷೆ ಮಾಡಿಸೋಣವೇ ಎಂದು ನಾನು ಕೇಳಿದೆ. 21 ಜೀನ್‌ಗಳ ಆಂಕೊಟೈಪ್ ಪರೀಕ್ಷೆಯಲ್ಲಿ 25ರವರೆಗೆ ಅಂಕ ಬಂದ, 50 ದಾಟಿದ, ಗ್ರಂಥಿಗೆ ಹರಡದ ಹೆಂಗಸರಿಗೆ ಕೀಮೋದಿಂದ ಲಾಭ ಕಾಣಲಿಲ್ಲ ಎಂದು 2018ರಲ್ಲೇ ಟೇಲರ್ ಎಕ್ಸ್ ಅಧ್ಯಯನ ತೋರಿಸಿತ್ತು. ಬೆಂಗಳೂರಿನಲ್ಲೇ ರೂಪುಗೊಂಡ, ಖರ್ಚು ಕಡಿಮೆಯ ಕ್ಯಾನ್‌ಅಸಿಸ್ಟ್ ಪರೀಕ್ಷೆಯೂ ಈಗ ಇದೆ. ಡಾಕ್ಟರು ಹೇಳಿದ್ದು ನನಗೆ ಬಹಳ ಸರಿ ಎನ್ನಿಸಿತು: ಕಡಿಮೆ ಅಪಾಯ ಎಂದು ಬಂದರೆ ಕೀಮೋ ಬೇಡ, ಹೆಚ್ಚು ಅಪಾಯ ಎಂದು ಬಂದರೂ ಈ ವಯಸ್ಸು ಈ ದೇಹಕ್ಕೆ ನಾವು ಕೊಡುವುದಿಲ್ಲ ಎನ್ನುವುದಾದರೆ ಪರೀಕ್ಷೆ ಯಾಕೆ? ಹಾರ್ಮೋನ್ ಮಾತ್ರೆಯ ಜೊತೆ ಕೊಡುವ, ಹೊಸದಾಗಿ ಬಂದಿರುವ ರೈಬೊಸಿಕ್ಲಿಬ್ ಮಾತ್ರೆಯನ್ನೂ ಅವರು ಪ್ರಸ್ತಾಪಿಸಿ, ಆಕೆಯ ಮೂತ್ರಪಿಂಡ ಮತ್ತು ಪದೇ ಪದೇ ಬೇಕಾಗುವ ರಕ್ತ, ಇಸಿಜಿ ಪರೀಕ್ಷೆ ನೆನೆದು ಬಿಟ್ಟರು.

ಕಡತದಲ್ಲಿ ಬರೆದರು: ಕೀಮೋದ ಲಾಭ-ಹಾನಿ ರೋಗಿಗೆ ವಿವರಿಸಲಾಗಿದೆ, ರೋಗಿ ಒಲ್ಲೆ ಎಂದಿದ್ದಾರೆ, ಲೆಟ್ರೊಜೋಲ್ (ಹಾರ್ಮೋನ್ ಮಾತ್ರೆ) 2.5 ಮಿಲಿಗ್ರಾಂ ದಿನಕ್ಕೊಂದು, ಐದು ವರ್ಷ. ಕೆಳಗೆ ದೊಡ್ಡವ್ವನ ಸಹಿ. ಎದೆ ಪೂರ್ತಿ ತೆಗೆದು, ಗ್ರಂಥಿಗೆ ಹರಡಿಲ್ಲದ ಕಾರಣ ರೇಡಿಯೇಶನ್ ಬೇಕಾಗಲಿಲ್ಲ.

ಆಮೇಲಿನ ಹದಿನಾಲ್ಕು ತಿಂಗಳು

ಕೀಮೋ ಬೇಡ ಎಂದರೆ ಚಿಕಿತ್ಸೆ ಬೇಡ ಎಂದಲ್ಲ ಎಂಬುದನ್ನು ಊರಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳಬೇಕಾಯಿತು. ಲೆಟ್ರೊಜೋಲ್ ಮೂಳೆಯನ್ನು ತೆಳುವಾಗಿಸುತ್ತದೆ, ಅದಕ್ಕೆ ಮೊದಲೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಟಿ-ಸ್ಕೋರ್ -2.7, ಅಂದರೆ ಮೂಳೆ ಆಗಲೇ ಸವೆದಿತ್ತು. ಬೀಳುವ ಸ್ವಭಾವದ, ಮೂಳೆ ಸವೆದ ಹೆಂಗಸಿಗೆ ತೊಡೆಯ ಮೂಳೆ ಮುರಿದರೆ ಅದು ಕ್ಯಾನ್ಸರಿಗಿಂತ ಬೇಗ ಮಲಗಿಸುತ್ತದೆ. ಮೂಳೆ ಕಾಪಾಡಲು, ಮೂತ್ರಪಿಂಡದ ಕಾರಣಕ್ಕೆ ಝೊಲೆಡ್ರೊನಿಕ್ ಆಸಿಡ್ ಬದಲು ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಚುಚ್ಚುಮದ್ದು, ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಈ ಚುಚ್ಚುಮದ್ದನ್ನು ನಡುವೆ ಬಿಡಬಾರದು, ಬಿಟ್ಟರೆ ಬೆನ್ನುಮೂಳೆ ಮುರಿಯುವ ಅಪಾಯ ಹೆಚ್ಚುತ್ತದೆ. ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ನುಣುಪು ಕಲ್ಲು ತೆಗೆಸಿದೆವು. ಬಲಗಿವಿಗೆ ಯಂತ್ರ ಬಂತು, ಆಕೆಗೆ ಅದು ಹಿಡಿಸಿಲ್ಲ, ಆಸ್ಪತ್ರೆಗೆ ಹೋಗುವಾಗ ಮಾತ್ರ ಹಾಕಿಕೊಳ್ಳುತ್ತಾಳೆ.

ಒಂಬತ್ತನೇ ತಿಂಗಳಲ್ಲಿ ನಾವು ಎಣಿಸದ ತೊಂದರೆ ಬಂತು. ಅತ್ತಿಗೆ ಹಾಸಿಗೆ ಝಾಡಿಸುವಾಗ ದಿಂಬಿನ ಕೆಳಗೆ ಮೂರು ವಾರದ ಲೆಟ್ರೊಜೋಲ್ ಮಾತ್ರೆಗಳು ಸಿಕ್ಕವು. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣು ಬಿಗಿದು ಸೂಜಿ ಹಿಡಿಯಲು ಆಗುತ್ತಿರಲಿಲ್ಲವಂತೆ. ಕೀಮೋ ಬೇಡ ಎಂದದ್ದೇ ಕೈ ಉಳಿಯಲಿ ಎಂದು. ಲೆಟ್ರೊಜೋಲ್‌ನಿಂದ ಕೀಲು ನೋಯುತ್ತದೆ ಎಂದು ನಾನು ಆಗ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಕೀಮೋದ ತೊಂದರೆಗೆ ನೂರು ಕಾಳು ಎಣಿಸಿದವಳು ಮಾತ್ರೆಯ ತೊಂದರೆಗೆ ಹತ್ತು ಕಾಳನ್ನೂ ಎಣಿಸಿರಲಿಲ್ಲ. ಆಕೆಯ ಕ್ಯಾನ್ಸರ್ ಮರಳದಂತೆ ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಆ ಮಾತ್ರೆಯದೇ ಆಗಿತ್ತು. ಇದು ನನ್ನ ತಪ್ಪು, ಆಕೆಯ ಎದುರೇ ಒಪ್ಪಿಕೊಂಡೆ.

ಡಾಕ್ಟರು ಬೈಯಲಿಲ್ಲ. ಇನ್ನೂ ಒಂದು ವಾರ ಬಿಡುವು ಕೊಟ್ಟು ಅದೇ ಬಗೆಯ ಇನ್ನೊಂದು ಮಾತ್ರೆ ಎಕ್ಸಿಮೆಸ್ಟೇನ್‌ಗೆ ಬದಲಾಯಿಸಿದರು. ಅದೂ ಆಗದಿದ್ದರೆ ಟಾಮೊಕ್ಸಿಫೆನ್ ಇದೆ, ಅದರಿಂದ ಕೀಲುನೋವು ಕಡಿಮೆ, ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ನೋಡಿಕೊಳ್ಳಬೇಕು ಎಂದರು. ರಾತ್ರಿ ರೊಟ್ಟಿ ಊಟವಾದ ಮೇಲೆ ಆಕೆ ಈಗ ಎಕ್ಸಿಮೆಸ್ಟೇನ್ ನುಂಗುತ್ತಾಳೆ, ಅತ್ತಿಗೆಯ ಎದುರಿಗೆ. ಬೆರಳು ಬೆಳಿಗ್ಗೆ ಇನ್ನೂ ಬಿಗಿಯೇ. ಬಿಸಿನೀರಲ್ಲಿ ಕೈ ಅದ್ದಿ ಕೂತು ಹತ್ತು ಗಂಟೆಯ ಮೇಲೆ ಹೊಲಿಗೆಗೆ ಕೂರುತ್ತಾಳೆ. ಬಲ ಎದೆಯ ಮ್ಯಾಮೊಗ್ರಾಮ್ ಕಳೆದ ತಿಂಗಳು ಆಯಿತು, ಏನೂ ಇಲ್ಲ. ಡೆನೊಸುಮ್ಯಾಬ್‌ನ ಮುಂದಿನ ದಿನಾಂಕವನ್ನು ಅಣ್ಣ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದಾನೆ.